ಬದುಕಿದ್ದವರ ಮನೆಗೆ ಬುತ್ತಿ

ನಮ್ಮ ಅತ್ತೆಯವರು ಊರ ಸೇವೆಯಲ್ಲೇ ಜೀವ ಸವೆಸಿದರು ಎಂದು ಈಗ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಆ ಸೇವೆಯಲ್ಲಿ ನಮ್ಮ ಜೀವವೂ ಸಾಕಷ್ಟು ಸವೆದಿದೆ ಎಂದು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ಕುಷ್ಟಗಿಯ ನಮ್ಮ ಓಣಿಯಲ್ಲಿ ಮದುವೆ ಗೊತ್ತಾಯಿತೆಂದರೆ ರೊಟ್ಟಿಯ ಜವಾಬ್ದಾರಿ ಅತ್ತೆಯದು. ಅದೇನು ಮಹಾ ಎಂದು ಒಪ್ಪಿಕೊಂಡು ಬರುವವರು ಅವರು, ಜೋಳದ ಚೀಲ ಗಿರಣಿಗೆ ಹೊರುವವನು ಅವರ ಮಗ, ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ರೊಟ್ಟಿ ಬಡಿಯುವವರು ನಾನು ಮತ್ತು ಓಣಿಯ ಉಳಿದ ಸೊಸೆಯಂದಿರು. ಯಾರಿಗಾದರೂ ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಜೊತೆಗೆ ಹೋಗುವವರು ಅತ್ತೆ. ಅವರು ಬರುವತನಕ ಆ ಮನೆಯ ಮಕ್ಕಳೆಲ್ಲ ನನ್ನ ಸೊಂಟದ ಮೇಲೆ. ಪೋಲಿಯೊ ಹನಿ ಹಾಕುವ ಭಾನುವಾರ ಸೆರಗಿನ ತುದಿಯಲ್ಲಿ ಪೆಪ್ಪರಮೆಂಟು ಕಟ್ಟಿಕೊಂಡು ಓಣಿಯ ಹುಡುಗರನ್ನೆಲ್ಲ ಬೂತಿನತ್ತ ಹೊಡೆದುಕೊಂಡು ಹೋಗುತ್ತಿದ್ದರು. ಪೆಪ್ಪರಮೆಂಟು ಸಿಗುತ್ತಿದ್ದುದು ಹನಿ ಹಾಕಿಸಿಕೊಂಡ ಮೇಲೆ, ಅದೂ ಒಂದನ್ನು ಕಚ್ಚಿ ಇಬ್ಬರಿಗೆ.

ನಾನು ಕಾರಟಗಿಯವಳು. ನಮ್ಮ ತವರಿನ ಸುತ್ತ ಕಾಲುವೆ, ಗದ್ದೆ, ಅಕ್ಕಿ ಗಿರಣಿ. ಮೂರು ಹೊತ್ತೂ ಅನ್ನ ಉಂಡು ಬೆಳೆದ ನನಗೆ ಮದುವೆಯಾಗಿ ಬಂದಾಗ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನಾನು ಮಾಡಿದ ಮೊದಲ ರೊಟ್ಟಿಯನ್ನು ಅತ್ತೆ ಅಂಗಳದ ನಾಯಿಗೆ ಹಾಕಿದರು. ನಾಯಿ ಅದನ್ನು ಮೂಸಿ ನೋಡಿ, ಅತ್ತೆಯ ಮುಖ ನೋಡಿ, ಗಿಡದ ನೆರಳಿಗೆ ಹೋಗಿ ಮಲಗಿತು. ಅದಕ್ಕೂ ರೂಢಿಯಾಗಬೇಕಲ್ಲ ಪಾಪ ಎಂದು ಅತ್ತೆ ನಾಯಿಯ ಪರವಾಗಿ ಮಾತಾಡಿದರು. ಹಾಗೆಂದು ಅವರು ಕೆಟ್ಟ ಅತ್ತೆಯಲ್ಲ. ನಾನು ಪಂಚಾಯಿತಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ನನ್ನ ಡಬ್ಬಿ ಕಟ್ಟಿದವರು ಅವರೇ. ಮುಂಜಾನೆದ್ದು ಬೈಯುತ್ತಲೇ ಬಿಸಿ ರೊಟ್ಟಿ ಮಾಡಿ, ಬೈಯುತ್ತಲೇ ಶೇಂಗಾ ಚಟ್ನಿ ಹಾಕಿ, ನಾನು ಬಸ್ಸು ಹತ್ತುವತನಕ ಬಾಗಿಲಲ್ಲಿ ನಿಂತಿರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಕಂಡವರ ಹೊಲದಲ್ಲಿ ಕಳೆ ತೆಗೆದು ಮಕ್ಕಳನ್ನು ಸಾಲಿ ಕಲಿಸಿ, ನನ್ನ ಗಂಡನನ್ನು ಸರ್ಕಾರಿ ಬಸ್ಸಿನ ಡ್ರೈವರ್ ಮಾಡಿದ ಹೆಂಗಸು. ಅವರ ನಾಲಿಗೆ ಅಷ್ಟು ಹರಿತವಾಗಿಲ್ಲದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದು ನನ್ನ ಗುಮಾನಿ.

ಆ ನಾಲಿಗೆಯಿಂದಲೇ ಅವರು ಒಬ್ಬ ಗೆಳತಿಯನ್ನು ಕಳೆದುಕೊಂಡಿದ್ದರು.

ಆ ಗೆಳತಿ ಯಲಬುರ್ಗಾದಲ್ಲಿದ್ದಾಳೆ. ಇಬ್ಬರದೂ ಬೇವೂರ ಕಡೆಯ ಒಂದೇ ಹಳ್ಳಿ, ಒಂದೇ ಓಣಿ. ಒಟ್ಟಿಗೆ ಸಜ್ಜೆ ಹೊಲದಲ್ಲಿ ಹಕ್ಕಿ ಕಾದವರು, ಒಂದೇ ವರ್ಷ ಮದುವೆಯಾಗಿ ಒಬ್ಬರು ಕುಷ್ಟಗಿಗೂ ಇನ್ನೊಬ್ಬರು ಯಲಬುರ್ಗಾಕ್ಕೂ ಹೋದವರು. ಆ ಮನೆಯಲ್ಲಿ ಏನು ಕಾರ್ಯವಾದರೂ ಅತ್ತೆ ನಮ್ಮ ಓಣಿಯ ಹೆಂಗಸರ ದಂಡು ಕಟ್ಟಿಕೊಂಡು ಹೋಗಿ ರೊಟ್ಟಿ ಮಾಡಿಕೊಟ್ಟು ಬರಬೇಕು, ನಮ್ಮಲ್ಲಿ ಕಾರ್ಯವಾದರೆ ಆಕೆ ಅಲ್ಲಿಂದ ದಂಡು ತರಬೇಕು. ಹೀಗಿರುವಾಗ ಗೆಳತಿಯ ಕಿರಿ ಮಗಳ ಮದುವೆ ಬಂತು. ಮದುವೆಯ ಹಿಂದಿನ ದಿನ ನಾವೆಲ್ಲ ಹೋಗಿ ನೋಡಿದರೆ ಪಡಸಾಲೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲ ಕಟ್ಟಿದ ಖಡಕ್ ರೊಟ್ಟಿಯ ರಾಶಿ. ಅಂಗಡಿಯಿಂದ ತರಿಸಿದ್ದು. ಈಗ ಎಲ್ಲರೂ ತರಿಸುತ್ತಾರೆ, ತಪ್ಪೇನಿಲ್ಲ. ವಯಸ್ಸಾಯಿತು, ನಿನ್ನ ಕೈಗೆ ಯಾಕೆ ತ್ರಾಸು ಎಂದು ಹೀಗೆ ಮಾಡಿದೆ ಎಂದು ಗೆಳತಿ ಅಕ್ಕರೆಯಿಂದಲೇ ಹೇಳಿದಳು. ಅತ್ತೆಗೆ ಕೇಳಿಸಿದ್ದು ವಯಸ್ಸಾಯಿತು ಎನ್ನುವುದಷ್ಟೇ.

ಮರುದಿನ ಊಟದ ಪಂಕ್ತಿಯಲ್ಲಿ ಕುಳಿತು, ಗಂಡಿನ ಕಡೆಯವರಿಗೆಲ್ಲ ಕೇಳುವಂತೆ, ಈ ರೊಟ್ಟಿ ಛಲೋ ಐತಿ, ನನ್ನ ಮೊಮ್ಮಗನ ಪುಸ್ತಕಕ್ಕ ರಟ್ಟು ಬೇಕಾಗಿತ್ತು ಎಂದುಬಿಟ್ಟರು. ಗಂಡಿನ ಕಡೆಯವರು ನಕ್ಕರು. ಗೆಳತಿಯ ಮುಖ ಸಣ್ಣದಾಯಿತು. ಅಂದಿನಿಂದ ಮಾತು ನಿಂತಿತು. ಆಕೆ ಆಮೇಲೆ ಮೊಮ್ಮಗಳ ತೊಟ್ಟಿಲ ಕಾರ್ಯ ಮಾಡಿದಳು, ಹೊಸ ಮನೆಗೆ ಹಾಲು ಉಕ್ಕಿಸಿದಳು. ನಮಗೆ ಬನ್ನಿರೆಂಬ ಹೇಳಿಕೆ ಬರಲಿಲ್ಲ.

ಅತ್ತೆ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಸೊರಗಿದರು. ನನ್ನ ಮೊಬೈಲಿನಲ್ಲಿ ಆ ಮನೆಯ ಹುಡುಗರು ಹಾಕಿದ ಸ್ಟೇಟಸ್ ನೋಡುವುದು ಅವರ ನಿತ್ಯದ ಕೆಲಸವಾಯಿತು. ನಾವು ನೋಡಿದ್ದು ಅವರಿಗೆ ಗೊತ್ತಾಗುತ್ತದೆ ಎಂದು ನಾನು ಹೇಳಿದಾಗ, ನೋಡಿದವಳು ನೀನು, ನಾನು ಬರೀ ಈ ಕಡೆ ಹಾಯ್ದು ಹೋಗುತ್ತಿದ್ದೆ ಎಂದರು. ಒಂದು ಫೋನ್ ಮಾಡಿಬಿಡಿ ಎಂದರೆ, ನಾ ಯಾಕ ಮಾಡ್ಲಿ ಎಂದು ಸೆರಗು ಕೊಡವಿ ಒಳಗೆ ಹೋಗುತ್ತಿದ್ದರು.

ಅವರಿಗಿದ್ದ ಆಸೆ ಒಂದೇ: ಹೇಗಾದರೂ ಆ ಮನೆಯ ಹೊಸ್ತಿಲು ದಾಟಬೇಕು, ಆದರೆ ತಾನಾಗಿ ಹೋದೆ ಎನಿಸಿಕೊಳ್ಳಬಾರದು. ನಮ್ಮ ಕಡೆ ಅದಕ್ಕೆ ಇರುವ ದಾರಿಯೂ ಒಂದೇ. ಸಂತೋಷದ ಕಾರ್ಯಕ್ಕೆ ಕರೆಯದೆ ಹೋಗುವಂತಿಲ್ಲ; ಸಾವಿಗೆ ಮಾತ್ರ ಕರೆಯಬೇಕಾಗಿಲ್ಲ. ಎಂಥ ಜಗಳವಿದ್ದರೂ ಸಾವಿನ ಮನೆಗೆ ಹೋಗಬಹುದು, ಬಾ ಎಂದವರಾರು ಎಂದು ಯಾರೂ ಕೇಳುವುದಿಲ್ಲ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಬೇಕಾದವರು ಅಡುಗೆ ಮಾಡಿ ಬುಟ್ಟಿಯಲ್ಲಿ ಹೊತ್ತು ತರುತ್ತಾರೆ. ಅದಕ್ಕೆ ಬುತ್ತಿ ಎನ್ನುತ್ತೇವೆ. ಬುತ್ತಿ ತಂದವರೊಡನೆ ಮಾತು ಬಿಟ್ಟಿರಲು ಯಾರಿಗೂ ಆಗುವುದಿಲ್ಲ.

ಗೆಳತಿಯ ಮನೆಯಲ್ಲಿ ಆಕೆಯ ಮಾವ ಇದ್ದ. ಎಲ್ಲರ ಬಾಯಲ್ಲೂ ಮುತ್ಯಾ, ಅಂದರೆ ಅಜ್ಜ. ತೊಂಬತ್ತು ದಾಟಿ ಯಾವ ಕಾಲವಾಗಿತ್ತೋ. ಯಲಬುರ್ಗಾದಿಂದ ಯಾರು ಬಂದರೂ ನಮ್ಮ ಅತ್ತೆ ಚಹಾ ಕೊಟ್ಟು, ಊರ ಸುದ್ದಿ ಕೇಳಿ, ಕೊನೆಗೆ ಮುತ್ಯಾನ ತಬ್ಯೇತ್ ಹೆಂಗೈತಿ ಎಂದು ವಿಚಾರಿಸುವರು. ಗಟ್ಟಿ ಅದಾನ್ರಿ ಎಂದರೆ ಇರಲಿ ಬಿಡು, ದೇವರು ದೊಡ್ಡಾಂವ ಎನ್ನುವರು. ಆ ಮಾತು ಹೇಳುವಾಗ ಅವರ ಮುಖ ನೋಡಿದವಳು ನಾನು. ಮುತ್ಯಾನ ಆಯುಷ್ಯ ಗಟ್ಟಿಯಾದದ್ದು ಅವರಿಗೆ ಅಷ್ಟೊಂದು ಹಿತವಾಗಿರಲಿಲ್ಲ.

ಒಂದು ಭಾನುವಾರ ಮುಂಜಾನೆ ನಾನು ಮೊಬೈಲ್ ನೋಡುತ್ತಿದ್ದೆ, ಅತ್ತೆ ಎಂದಿನಂತೆ ನನ್ನ ಹೆಗಲ ಹಿಂದೆ ಹಾಯ್ದು ಹೋಗುತ್ತಿದ್ದರು. ಗೆಳತಿಯ ಮೊಮ್ಮಗನ ಸ್ಟೇಟಸ್ ಬಂತು. ಮುತ್ಯಾ ಕುರ್ಚಿಯ ಮೇಲೆ ನೆಟ್ಟಗೆ ಕುಳಿತಿದ್ದಾನೆ. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು, ಕೊರಳಲ್ಲಿ ಹೊಟ್ಟೆಯವರೆಗೆ ಇಳಿದ ಚೆಂಡು ಹೂವಿನ ಹಾರ, ಕಣ್ಣು ಮುಚ್ಚಿವೆ. ಕೆಳಗೆ ‘ನಮ್ಮ ಮುತ್ಯಾ’ ಎಂದು ಬರೆದು ಕೈ ಮುಗಿದ ಚಿತ್ರ ಹಾಕಿದ್ದ. ಬೇರೆ ಊರಿನವರಿಗೆ ಇದು ಏನಾಗಿ ಕಾಣುತ್ತಿತ್ತೋ ನಾನರಿಯೆ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹೀಗೆಯೇ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕುತ್ತೇವೆ. ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡು, "ಹೋಗ್ಯಾನ ನೋಡವಾ ಮುತ್ಯಾ" ಎಂದರು. ನನಗೂ ಸಂಶಯ ಬರಲಿಲ್ಲ. ಒಮ್ಮೆ ಫೋನ್ ಮಾಡಿ ಕೇಳೋಣವೇ ಎಂದೆ. ಹೆಣ ಕೂರಿಸಿಕೊಂಡ ಮನೆಗೆ ಫೋನ್ ಮಾಡಿ, ನಿಮ್ಮವರು ಖರೇನೇ ಸತ್ತರೇನ್ರಿ ಎಂದು ಕೇಳುತ್ತೀಯಾ, ನೀರಾವರಿ ಕಡೆಯವರು ಹಾಗೆ ಕೇಳುತ್ತೀರೇನು ಎಂದು ನನ್ನ ಬಾಯಿ ಮುಚ್ಚಿಸಿದರು.

ಮುಂದಿನದು ನೋಡುವಂತಿತ್ತು. ಸೊರಗಿದ್ದ ಹೆಂಗಸು ಒಮ್ಮೆಲೇ ಇಪ್ಪತ್ತು ವರ್ಷ ಹಿಂದಕ್ಕೆ ಹೋದರು. ಓಣಿಯಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಮನೆ ಮನೆಯಲ್ಲಿ ಹಂಚು ಒಲೆಗೇರಿದವು. ಒಬ್ಬರ ಮನೆಯಲ್ಲಿ ರೊಟ್ಟಿ, ಇನ್ನೊಬ್ಬರ ಮನೆಯಲ್ಲಿ ಹೆಸರುಕಾಳು ಪಲ್ಯ, ನನ್ನ ಪಾಲಿಗೆ ಅನ್ನ ಮತ್ತು ಸಾರು, ಯಾಕೆಂದರೆ ಅನ್ನವನ್ನು ನಾನು ಕೆಡಿಸಲಾರೆ ಎಂದು ಅವರಿಗೆ ನಂಬಿಕೆಯಿತ್ತು. ತಮ್ಮ ಪಾಲಿನ ರೊಟ್ಟಿಯನ್ನು ಅತ್ತೆ ತಾವೇ ಬಡಿದರು. ಬಿದಿರಿನ ದೊಡ್ಡ ಬುಟ್ಟಿಗೆ ಬಿಳಿ ಬಟ್ಟೆ ಹಾಸಿ, ಒಂದರ ಮೇಲೊಂದು ಪೇರಿಸಿ ಕಟ್ಟಿದರು. ಬಾಡಿಗೆಯ ಟಂಟಂ ಆಟೊ ಬಾಗಿಲಿಗೆ ಬಂದು ನಿಂತಾಗ ಅವರ ಕಣ್ಣಲ್ಲಿ ನೀರಿತ್ತು, ಕಾಲಲ್ಲಿ ಮದುವೆಗೆ ಹೊರಟವರ ಅವಸರವಿತ್ತು.

ಟಂಟಂ ತುಂಬ ಹೆಂಗಸರು. ಸಾರಿನ ಪಾತ್ರೆ ನನ್ನ ತೊಡೆಗಳ ನಡುವೆ. ದಾರಿಯಲ್ಲಿ ಅತ್ತೆ ಅಳುವಿನ ತಯಾರಿ ಮಾಡಿಸಿದರು. ನಮ್ಮಲ್ಲಿ ಸುಮ್ಮನೆ ಕಣ್ಣೀರು ಹಾಕಿದರೆ ಅದು ಅಳುವಲ್ಲ. ಓಣಿಯ ತಿರುವಿನಲ್ಲೇ ದನಿ ತೆಗೆದು, ಸತ್ತವರ ಗುಣ ಒಂದೊಂದಾಗಿ ಎತ್ತಿ ಹಾಡ್ಯಾಡಿ ಅಳಬೇಕು. ತೊಂದರೆ ಏನೆಂದರೆ ಮುತ್ಯಾ ಜೀವಮಾನದಲ್ಲಿ ಯಾರೊಡನೆಯೂ ಒಂದು ಒಳ್ಳೆಯ ಮಾತಾಡಿದವನಲ್ಲ. ಬಾವಿಗೆ ಬಂದ ಹೆಂಗಸರಿಗೆ ಹಗ್ಗ ಕೊಟ್ಟವನಲ್ಲ, ಬೇಲಿ ದಾಟಿದ ಆಡನ್ನು ಸುಮ್ಮನೆ ಬಿಟ್ಟವನಲ್ಲ. ಒಂದಾದರೂ ಗುಣ ನೆನಪು ಮಾಡಿಕೊಳ್ಳಿ ಎಂದು ಅತ್ತೆ ಎಲ್ಲರನ್ನೂ ಕೇಳಿದರು. ಬೇವೂರು ಬಂತು, ಹೋಯಿತು, ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಹಿಂದಿನ ಸೀಟಿನಲ್ಲಿದ್ದ ಸ್ವಲ್ಪ ಕಿವಿ ಮಂದವಾದ ಮುದುಕಿ, ಅವನು ಎತ್ತುಗಳಿಗೆ ಒಂದು ದಿನವೂ ಬಾರುಕೋಲು ತಾಗಿಸಲಿಲ್ಲ ಎಂದಳು. ಎಲ್ಲರಿಗೂ ಹಾಯೆನಿಸಿತು. ಎತ್ತಿನ ಮೇಲೇ ಅಳುವುದೆಂದು ತೀರ್ಮಾನವಾಯಿತು. ನನಗೆ ಹಾಡ್ಯಾಡಿ ಅಳಲು ಬರುವುದಿಲ್ಲವಾದ್ದರಿಂದ ಬಾಯಿಗೆ ಸೆರಗು ಹಿಡಿದು ಹಿಂದೆ ಬರಲು ಹೇಳಿದರು.

ಓಣಿಯ ತಿರುವಿನಲ್ಲಿ ಇಳಿದೆವು. ಜನವಿಲ್ಲ, ಶಾಮಿಯಾನವಿಲ್ಲ. ಮಣ್ಣಿಗೆ ಒಯ್ದುಬಿಟ್ಟಿದ್ದಾರೆ, ತಡವಾಯಿತು ಎಂದು ಅತ್ತೆ ಎದೆ ಬಡಿದುಕೊಂಡು ದನಿ ತೆಗೆದರು. ಹಿಂದೆ ಎಲ್ಲರೂ ಸೇರಿಕೊಂಡರು. ಎತ್ತಿಗೆ ಕೋಲು ತಾಗಿಸದ ಧಣಿಯೇ, ಎತ್ತುಗಳನ್ನು ಯಾರ ಕೈಗೆ ಕೊಟ್ಟು ಹೋದೆಯೋ ಎಂದು ಅಳುತ್ತ ಮನೆಯ ಮುಂದೆ ಬಂದೆವು. ಕಟ್ಟೆಯ ಮೇಲೆ ಮುತ್ಯಾ ಕುಳಿತು ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತಿದ್ದ.

ಅಳು ಒಬ್ಬೊಬ್ಬರದಾಗಿ ನಿಂತಿತು. ಕಿವಿ ಮಂದದ ಮುದುಕಿ ಮಾತ್ರ ಕಣ್ಣು ಮುಚ್ಚಿಕೊಂಡು ಎತ್ತುಗಳ ಮೇಲೆ ಇನ್ನೂ ಸ್ವಲ್ಪ ಹೊತ್ತು ಅತ್ತಳು; ನಾನು ಮೊಣಕೈ ತಿವಿದ ಮೇಲೆ ಸುಮ್ಮನಾದಳು. ಮುತ್ಯಾ ಬಸಿ ಕೆಳಗಿಟ್ಟು ಯಾರು ಹೋದರು ಎಂದು ಗಾಬರಿಯಿಂದ ಕೇಳಿದ. ಅವನು ನಮ್ಮ ಮುಖಗಳನ್ನು ನೋಡಿದ, ಬುಟ್ಟಿಯನ್ನು ನೋಡಿದ, ಸಾರಿನ ಪಾತ್ರೆಯನ್ನು ನೋಡಿದ. ಎತ್ತು ಎಂದರೆ ಯಾರ ಎತ್ತು ಎಂದು ಯೋಚಿಸಿರಬೇಕು. ನಿಧಾನವಾಗಿ ಮುಖ ಅರಳಿತು.

"ಅಳೂದು ಯಾಕ ನಿಲ್ಲಿಸಿದ್ರಿ? ಎತ್ತಿನ ಮಾತು ಛಲೋ ಇತ್ತು. ಮುಂದ ಹೇಳ್ರಿ."

ಆಮೇಲೆ ತಿಳಿದದ್ದು ಇಷ್ಟು. ವಯಸ್ಸಾದವರು ಮನೆಯಲ್ಲೇ ಓಟು ಹಾಕುವ ಏರ್ಪಾಡಿನಲ್ಲಿ ಹಿಂದಿನ ದಿನ ಅಧಿಕಾರಿಗಳು ಬಂದು ಮುತ್ಯಾನ ಓಟು ಪಡೆದಿದ್ದರು. ಓಣಿಗೆಲ್ಲ ಹಿರಿಯ ಮತದಾರ ಎಂದು ಹುಡುಗರು ಹಾರ ಹಾಕಿ ಫೋಟೊ ತೆಗೆದಾಗ ಮೊಬೈಲಿನ ಬೆಳಕಿಗೆ ಮುತ್ಯಾ ಕಣ್ಣು ಮುಚ್ಚಿದ್ದ. ಶಾಯಿ ಹಚ್ಚಿದ ಬೆರಳು ಹಾರದಡಿ ಮುಚ್ಚಿಹೋಗಿತ್ತು. ಆ ಬೆರಳನ್ನು ಈಗ ನಮ್ಮೆಲ್ಲರಿಗೂ ಎತ್ತಿ ತೋರಿಸಿದ.

ಗದ್ದಲ ಕೇಳಿ ಗೆಳತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅತ್ತೆಯನ್ನು ನೋಡಿ ಬಾಗಿಲಲ್ಲೇ ನಿಂತಳು. ಕರೆಯದೆ ಬರಲು ಅತ್ತೆಗೆ ಇದ್ದದ್ದು ಒಂದೇ ನೆಪ, ಆ ನೆಪ ಕಟ್ಟೆಯ ಮೇಲೆ ಕುಳಿತು ಮೀಸೆ ಒರೆಸಿಕೊಳ್ಳುತ್ತಿತ್ತು. ಸಾವಿಲ್ಲದ ಮನೆಗೆ ಬುತ್ತಿ ಕೊಡುವಂತಿಲ್ಲ, ಅಪಶಕುನ. ಹೊತ್ತು ತಂದ ಬುತ್ತಿಯನ್ನು ಹೊಳ್ಳಿ ಒಯ್ಯುವಂತೆಯೂ ಇಲ್ಲ, ಅದು ಇನ್ನೂ ದೊಡ್ಡ ಅಪಶಕುನ. ಅತ್ತೆ ನಡುಬೀದಿಯಲ್ಲಿ ಬುಟ್ಟಿ ಹಿಡಿದು ನಿಂತರು. ಟಂಟಂ ಕಡೆಗೆ ಒಂದು ಹೆಜ್ಜೆ ಹಿಂದಕ್ಕೂ ಇಟ್ಟರು. ಅವರು ಹಾಗೆ ತಿರುಗಿದ್ದರೆ ಈ ಬಾಗಿಲಿಗೆ ಮತ್ತೆಂದೂ ಬರುತ್ತಿರಲಿಲ್ಲ.

ಆಗ ಮುತ್ಯಾ ಕೋಲಿನಿಂದ ಕಟ್ಟೆ ಕುಟ್ಟಿದ. "ನಾ ಸತ್ತ ಮ್ಯಾಲೆ ತಂದ್ರ ನಾ ಏನ್ ಉಣ್ಣಾಂವ ಅದೀನಿ? ನನ್ನ ಬುತ್ತಿ ನನಗ ಈಗ ಹಾಕ್ರಿ."

ಯಾರೂ ಅಲುಗಾಡದಿದ್ದುದನ್ನು ನೋಡಿ ತಾನೇ ಇಳಿದು ಬಂದು, ಬುಟ್ಟಿಯ ಬಟ್ಟೆ ಸರಿಸಿ, ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. ತನ್ನ ಸಾವಿನ ಬುತ್ತಿಯನ್ನು ತಾನೇ ಉಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅರ್ಧ ರೊಟ್ಟಿಯನ್ನು ಸೊಸೆಗೆ ಚಾಚಿದ. ಗೆಳತಿ ಅದನ್ನು ಹಿಟ್ಟಿನ ಕೈಯಲ್ಲೇ ತೆಗೆದುಕೊಂಡು ಅಗಿದಳು. ಅಗಿಯುತ್ತ ಅಗಿಯುತ್ತ ಆಕೆಯ ಕಣ್ಣು ತುಂಬಿದವು.

"ನಮ್ಮ ಮಾವ ಸಾಯಲಿಲ್ಲಂದ್ರ ನೀ ಬರೂದಾ ಇಲ್ಲೇನು?" ಎಂದಳು.

"ನೀ ಕರೀಲಿಲ್ಲಲ್ಲ."

"ಕರದ್ರ ಬರೂದಿಲ್ಲ ಅಂದೀ ಅಂತ ಅಂಜಿ ಕರೀಲಿಲ್ಲ."

ಅಷ್ಟೇ ಮಾತು. ಅತ್ತೆ ಬುಟ್ಟಿ ಹೊತ್ತು ಒಳಗೆ ಹೋದರು. ಅಡುಗೆಮನೆಯಿಂದ ಮೊದಲು ಇಬ್ಬರ ಬೈಗುಳ ಕೇಳಿಸಿತು, ಆಮೇಲೆ ನಗು, ಆಮೇಲೆ ಮೂಗು ಸೀಟುವ ಸದ್ದು. ನಾವೆಲ್ಲ ಪಡಸಾಲೆಯಲ್ಲಿ ಕುಳಿತು ಸಾವಿನ ಅಡುಗೆಯನ್ನು ಮದುವೆಯ ಊಟದಂತೆ ಉಂಡೆವು. ಮುತ್ಯಾ ಮಧ್ಯದಲ್ಲಿ ಕುಳಿತು, ತನ್ನ ಬಗ್ಗೆ ಇನ್ನೇನಾದರೂ ಹೇಳುವುದಿತ್ತೇ ಎಂದು ಒಬ್ಬೊಬ್ಬರನ್ನೇ ಕೇಳಿದ. ಎತ್ತಿನ ಆಚೆಗೆ ಯಾರಿಗೂ ಏನೂ ಹೊಳೆಯಲಿಲ್ಲ.

ಅಂದು ಅತ್ತೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದರು. ಮರೆತಿರಾ ಎಂದು ಕೇಳಿದೆ. ಅದನ್ನು ತರಲು ಮತ್ತೆ ಹೋಗಬೇಕಲ್ಲ ಎಂದರು. ಆವತ್ತಿನಿಂದ ಇಬ್ಬರದೂ ಅದೇ ಆಟ. ಅತ್ತೆ ಹೋದರೆ ಡಬ್ಬಿಯ ಮುಚ್ಚಳವನ್ನೋ ಎಲೆಅಡಿಕೆ ಚೀಲವನ್ನೋ ಬಿಟ್ಟು ಬರುವರು, ಗೆಳತಿ ಬಂದರೆ ಕಾಲಿನ ಚಪ್ಪಲಿ ಹೊರತು ಉಳಿದದ್ದೆಲ್ಲ ಮರೆಯುವಳು. ಅರವತ್ತು ದಾಟಿದ ಇಬ್ಬರು ಹೆಂಗಸರು ಯಾವ ನೆಪವೂ ಇಲ್ಲದೆ ಒಬ್ಬರನ್ನೊಬ್ಬರು ನೋಡಬಹುದಿತ್ತು. ಆದರೆ ಹಾಗೆ ನೋಡಿದರೆ ಅವರಿಗೆ ರುಚಿಯಿರಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಉಂಡು ಮಲಗಿದ ಅತ್ತೆ ಏಳಲಿಲ್ಲ. ಮರುದಿನ ಯಾರದೋ ಮನೆಯಲ್ಲಿದ್ದ ಬಸುರಿಯ ಕುಬಸಕ್ಕೆ ರೊಟ್ಟಿ ಒಪ್ಪಿಕೊಂಡಿದ್ದರು, ಆ ರೊಟ್ಟಿಯನ್ನೂ ಎಂದಿನಂತೆ ಓಣಿಯ ಸೊಸೆಯಂದಿರೇ ಬಡಿಯಬೇಕಾಯಿತು. ಅತ್ತೆಯನ್ನು ಕೂರಿಸಿ, ಇಳಕಲ್ ಸೀರೆ ಉಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿದೆವು. ಯಾರೋ ಹುಡುಗರು ಫೋಟೊ ತೆಗೆದು ಸ್ಟೇಟಸ್ ಹಾಕಿದರು. ಸ್ವಲ್ಪ ಹೊತ್ತಿಗೆ ನನ್ನ ಫೋನ್ ಬಡಿಯಿತು. ಯಲಬುರ್ಗಾದಿಂದ.

"ಏನವಾ, ನಿಮ್ಮತ್ತಿಗೆ ಹಾರ ಹಾಕ್ಯಾರಲ್ಲ. ಓಟು ಹಾಕಿದಳೇನು?"

ನಾನು ಅತ್ತೆಯ ಕೊರಳಿನ ಹಾರ ನೋಡಿದೆ.

"ಹೂಂ ಅನ್ನವಾ," ಎಂದಳು. ದನಿ ಒಡೆದಿತ್ತು. ನಾನು ಹೂಂ ಎನ್ನಲಿಲ್ಲ. ಆಕೆ ಫೋನ್ ಇಟ್ಟಳು.

ಸಂಜೆಗೆ ಟಂಟಂ ತುಂಬ ಹೆಂಗಸರನ್ನು ಕರೆದುಕೊಂಡು ಬಂದಳು. ತಿರುವಿನಲ್ಲಿ ದನಿ ತೆಗೆಯಲಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಸುಮ್ಮನೆ ನಡೆದು ಬಂದು, ಅತ್ತೆಯ ಮುಂದೆ ಕುಳಿತು, ಸ್ವಲ್ಪ ಹೊತ್ತು ಅವರ ಕಣ್ಣುಗಳನ್ನೇ ನೋಡಿದಳು. ತೆರೆಯುತ್ತವೇನೋ ಎಂದು ನಾನೂ ನೋಡಿದೆ. ಆಮೇಲೆ ಜಾರಿದ ಹಾರವನ್ನು ಸರಿಮಾಡುತ್ತ, ಅತ್ತಳು ಎನ್ನುವುದಕ್ಕಿಂತ ಜಗಳ ತೆಗೆದಳು. "ಅವತ್ತು ಕರೀದ ಬಂದಾಕಿ, ಇವತ್ತು ಕರದ್ರ ಬರವಲ್ಲಿ" ಎಂದು ಮತ್ತೆ ಮತ್ತೆ ಅದನ್ನೇ ಹಾಡಿದಳು. ಮುತ್ಯಾನಿಗೆ ಗುಣ ಹುಡುಕಲು ಬೇವೂರು ದಾಟಬೇಕಾಗಿತ್ತು. ನಮ್ಮ ಅತ್ತೆಗೆ ಅಳಲು ಬಂದವರು ಪಾಳಿ ಕಾಯಬೇಕಾಯಿತು. ಹೆರಿಗೆಗೆ ಜೊತೆ ಹೋದದ್ದನ್ನು ಒಬ್ಬಳು ಹಾಡಿದರೆ ಮದುವೆಯ ರೊಟ್ಟಿಯನ್ನು ಇನ್ನೊಬ್ಬಳು ಹಾಡಿದಳು. ನಾನು ಬಾಯಿಗೆ ಸೆರಗು ಹಿಡಿದು ಮೂಲೆಯಲ್ಲಿ ಕುಳಿತಿದ್ದೆ. ನನ್ನ ಡಬ್ಬಿಯ ಸುದ್ದಿಯನ್ನು ಯಾರೂ ಹಾಡಲಿಲ್ಲ, ಅದು ನನಗೊಬ್ಬಳಿಗೇ ಗೊತ್ತಿತ್ತು. ಹೇಗೆ ಬಂತೋ ಕಾಣೆ, ಕಾರಟಗಿಯವಳಾದ ನಾನು ದನಿ ತೆಗೆದು ಹಾಡ್ಯಾಡಿ ಅತ್ತುಬಿಟ್ಟೆ.

ಮಣ್ಣು ಮುಗಿಸಿ ಬಂದ ಮೇಲೆ ಬುತ್ತಿ ಬಿಚ್ಚಿದರು. ಬುಟ್ಟಿ ನಮ್ಮದೇ, ಅತ್ತೆ ಅಂದು ಬಿಟ್ಟು ಬಂದದ್ದು. ಗೆಳತಿ ನನ್ನ ಪಕ್ಕ ಕುಳಿತು ನನ್ನ ಕೈಯಲ್ಲಿ ರೊಟ್ಟಿ ಇಟ್ಟು, ಉಣ್ಣು, ಅಂಗಡಿಯದಲ್ಲ ಎಂದಳು. ಹೊರಡುವಾಗ ಖಾಲಿ ಬುಟ್ಟಿಯನ್ನು ಮತ್ತೆ ಟಂಟಂನಲ್ಲಿ ಇಡುತ್ತಿದ್ದಳು. ಅದು ನಮ್ಮದು, ಇಲ್ಲೇ ಇರಲಿ ಬಿಡ್ರಿ ಎಂದೆ. ಸೀಟಿನ ಮೇಲೆ ಕುಳಿತು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು.

"ನಮ್ಮ ಮನ್ಯಾಗ ಇರ್ತೈತಿ. ಒಯ್ಯಾಕ ನೀ ಬರಬೇಕು."

ನಾನು ಆಗಾಗ ಹೋಗುತ್ತೇನೆ. ಮುತ್ಯಾ ಇನ್ನೂ ಕಟ್ಟೆಯ ಮೇಲೇ ಇದ್ದಾನೆ, ನನ್ನನ್ನು ಕಂಡ ಕೂಡಲೇ ಎತ್ತಿನ ಮಾತು ಕೇಳುತ್ತಾನೆ. ಆಕೆ ಚಹಾ ಕೊಡುತ್ತಾಳೆ, ನನ್ನ ರೊಟ್ಟಿಯನ್ನು ಆಡಿಕೊಳ್ಳುತ್ತಾಳೆ. ಬುಟ್ಟಿ ಅಲ್ಲೇ ಅಡುಗೆಮನೆಯ ಗೂಟಕ್ಕೆ ನೇತುಬಿದ್ದಿರುತ್ತದೆ. ಪ್ರತಿ ಸಲವೂ ಅದನ್ನು ತರುವುದನ್ನು ಮರೆತು ಬರುತ್ತೇನೆ.